ಒದ್ದೆ ಫರಸಿಗೆ ಬಿಗಿ ಹಾಳೆ

ಪ್ರಾಣೇಶರಾಯರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದ ದಿನವೇ ನನಗೆ ಅನುಮಾನ ಬಂತು. ಶಹಾಬಾದದಲ್ಲಿರುವ ಅವರ ಶೆಡ್ಡಿನಲ್ಲಿ ನಾನು ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡಲು ಹತ್ತಿ ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಅವರ ಆಫೀಸ್ ಕೋಣೆಯೊಳಗೆ ಹೋದದ್ದು ನಾಲ್ಕು ಸಲ. ನಾಲ್ಕೂ ಸಲ ಬಾಗಿಲ ಹತ್ತಿರ ನಿಂತೇ ಮಾತಾಡಿ ಬಂದಿದ್ದೆ. ಆವತ್ತು ಅವರು, "ಕುಂದ್ರು ಭಾಗಣ್ಣ," ಎಂದರು. ಮೇಲೆ ಚಹಾ ಬೇರೆ ತರಿಸಿದರು.

ನಾನು ಚಹಾ ಮುಟ್ಟಲಿಲ್ಲ.

"ಹೈದರಾಬಾದಿನ ಅಂಗಡಿಯವರು ಇನ್ನ ಮ್ಯಾಲೆ ಹುಲ್ಲಿನ ಕಟ್ಟು ಬ್ಯಾಡ ಅನ್ಲಿಕತ್ತಾರ," ಎಂದರು ರಾಯರು. "ಹುಲ್ಲಿನ ಕಲೆ ಪಾಲಿಶ್ ಮ್ಯಾಲೆ ಕೂಡ್ತದಂತ. ಐದೈದು ಫರಸಿ ಪ್ಲಾಸ್ಟಿಕ್ ಹಾಳಿಯೊಳಗ ಬರಬೇಕಂತ. ಬಿಸಿ ತಗಲಿದ ಕೂಡ್ಲೆ ಹಾಳಿ ಕುಗ್ಗಿ ಮಾಲಿಗೆ ಬಿಗಿ ಆಗಿ ಅಂಟಿಕೊಳ್ತದಲ್ಲ, ಆ ಥರ. ಅದರ ಮಷೀನ್ ತಗೋಬೇಕು. ಯಾವುದು ತಗೋಬೇಕಂತ ನೀ ನೋಡಿ ಹೇಳು."

"ನಾ ಹೇಳಬೇಕ್ರಿ?"

"ನೀನೇ. ನಾ ಮೂವತ್ತು ವರ್ಷ ಸರಕಾರಿ ಕಾಗದ ತಿರುವಿದಾವ. ಕಾಗದ ತಿಳೀತದ, ಕಲ್ಲು ತಿಳ್ಯಂಗಿಲ್ಲ."

"ನಾ ಏಳನೇತ್ತಕ್ಕ ಸಾಲಿ ಬಿಟ್ಟಾವ ಇದ್ದೀನ್ರಿ ರಾಯರ."

"ಕಲ್ಲು ಏನು ನಿನ್ನ ಮಾರ್ಕ್ಸ್ ಕಾರ್ಡ್ ಕೇಳ್ತದೇನು?"

ಅವರು ನಕ್ಕರು. ನಾನು ನಗಲಿಲ್ಲ. ಅವರ ಆಟ ನನಗೆ ಆಗಲೇ ತಿಳಿದುಹೋಗಿತ್ತು, ಅಥವಾ ತಿಳಿದಿದೆ ಎಂದು ಅಂದುಕೊಂಡಿದ್ದೆ. ಶೆಡ್ಡಿನ ಹಿಂದಿನ ಬೇವಿನ ಮರದ ಕೆಳಗೆ ಐದು ಜನ ಹೆಂಗಸರು ಹುಲ್ಲಿನ ಕಟ್ಟು ಕಟ್ಟುತ್ತಿದ್ದರು. ಕಲ್ಲಿಗೂ ಕಲ್ಲಿಗೂ ನಡುವೆ ಹುಲ್ಲು, ನಾಲ್ಕು ಮೂಲೆಗೆ ದುಪ್ಪಟ್ಟು ಹುಲ್ಲು, ಮೇಲೆ ಸುತಳಿ. ಆ ಐವರಲ್ಲಿ ಒಬ್ಬಳು ನನ್ನ ಅವ್ವ ಯಂಕಮ್ಮ. ಮಷೀನ್ ಬಂದರೆ ಹುಲ್ಲು ಹೋಗುತ್ತದೆ, ಹುಲ್ಲು ಹೋದರೆ ಐವರೂ ಹೋಗುತ್ತಾರೆ. ನಾಳೆ ಅವರು ಬಂದು ಗದ್ದಲ ಮಾಡಿದರೆ ರಾಯರಿಗೆ ಹೇಳಲು ಒಂದು ಮಾತು ಬೇಕು: 'ನಾ ಏನ್ ಮಾಡ್ಲಿ ಯಂಕಮ್ಮ, ನಿನ್ನ ಮಗನೇ ಆರಿಸ್ಯಾನ.' ಕುರ್ಚಿ, ಚಹಾ ಎಲ್ಲ ಅದಕ್ಕೇ. ಇಲ್ಲದಿದ್ದರೆ ನನ್ನಂಥವನನ್ನು ಯಾರು ಕೇಳುತ್ತಾರೆ?

ಹೊರಗೆ ಬಂದಾಗ, ನಮಗೆಲ್ಲ ಚಿಕ್ಕಮ್ಮನಂತಿದ್ದ ಅಮೀರ್ಬೀ ಖಾಲಾ ಯಾರೋ ಗಿರಾಕಿಗೆ ಕಲ್ಲು ತೋರಿಸುತ್ತಿದ್ದಳು. ಕಟ್ಟು ಕಟ್ಟುವ ಹೆಂಗಸರಿಗೆ ಅವಳೇ ಹಿರಿಯಳು, ಹತ್ತೊಂಬತ್ತು ವರ್ಷದಿಂದ ಆ ಮರದ ಕೆಳಗೆ ಕೂತವಳು. ನಳದ ಹತ್ತಿರ ಅವಳದೊಂದು ಕೆಂಪು ಪ್ಲಾಸ್ಟಿಕ್ ಮಗ್ ಇರುತ್ತಿತ್ತು. ಯಾರೇ ಕಲ್ಲು ನೋಡಲು ಬರಲಿ, ಅವಳು ಮೊದಲು ಒಂದು ಮಗ್ ನೀರು ಸುರುವಿ ಆಮೇಲೆ ಮಾತು ಶುರು ಮಾಡುತ್ತಿದ್ದಳು. ಬೂದಿ ಬಣ್ಣದ ಧೂಳುಕಲ್ಲು ನೀರು ಬಿದ್ದ ಕ್ಷಣಕ್ಕೆ ಕಪ್ಪುನೀಲಿಯಾಗಿ ಹೊಳೆಯುತ್ತದೆ. ಅವಳೊಬ್ಬಳೇ ಅಲ್ಲ, ನಮ್ಮ ಕಡೆಯ ಎಲ್ಲಾ ಶೆಡ್ಡಿನಲ್ಲೂ ಹಾಗೇ. ಒಣ ಕಲ್ಲನ್ನು ಪರರ ಮುಂದೆ ಇಡುವುದೆಂದರೆ ಮುಖ ತೊಳೆಯದೆ ಬೀಗರ ಮನೆಗೆ ಹೋದ ಹಾಗೆ.

ಆ ದಿನ ಸಂಜೆ ಅವ್ವ ಕೇಳಿದಳು. "ಮಷೀನ್ ನೋಡಾಕ ಹೊಂಟೀಯಂತಲ್ಲೋ ಭಾಗ್ಯಾ?"

"ಯಾರ ಹೇಳಿದ್ರು?"

"ರಾಯರೇ ಹೇಳಿದ್ರು. ನಿನ್ನ ಮಗನಿಗೆ ಜವಾಬ್ದಾರಿ ಕೊಟ್ಟೀನಿ ಅಂದ್ರು."

ನೋಡಿ! ಅಷ್ಟು ಬೇಗ ಹೇಳಿಬಿಟ್ಟಿದ್ದರು. ನನ್ನ ಅನುಮಾನ ಗಟ್ಟಿಯಾಯಿತು.

"ಎಲ್ಲಾ ನೋಡಿ ಬರ್ತೀನಿ ಎವ್ವ. ಯಾವುದೂ ಬರೋಬ್ಬರಿ ಇಲ್ಲ ಅಂತ ಹೇಳ್ತೀನಿ. ಮುಗೀತು."

ಅವ್ವ ರೊಟ್ಟಿ ತಿರುವಿ ಹಾಕಿದಳು.

*

ಮಷೀನ್ ಮಾರುವ ಏಜೆಂಟನ ಹೆಸರು ವಿಠ್ಠಲ್. ಇಸ್ತ್ರಿ ಅಂಗಿ, ಸೊಂಟದಲ್ಲಿ ಮೊಬೈಲು. 2003ರಲ್ಲಿ ನಮ್ಮ ಕಡೆ ಮೊಬೈಲು ಇದ್ದವರು ಅದನ್ನು ಕಿಸೆಯಲ್ಲಿ ಇಡುತ್ತಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ತನ್ನ ವ್ಯಾನಿನಲ್ಲಿ ನನ್ನನ್ನು ಸೇಡಂಗೆ ಕರೆದುಕೊಂಡು ಹೋದ. ಅಲ್ಲಿನ ಒಂದು ತೊಗರಿಬೇಳೆ ಗಿರಣಿಯಲ್ಲಿ ಅವನು ಮಾರಿದ ಮಷೀನ್ ಇತ್ತು. ಚಿಂಚೋಳಿಯ ಇನ್ನೊಬ್ಬ ಬೇಳೆ ವ್ಯಾಪಾರಿಗೂ ಅಂಥದ್ದೇ ಕೊಟ್ಟಿದ್ದೇನೆ ಎಂದು ದಾರಿಯಲ್ಲಿ ಮೂರು ಸಲ ಹೇಳಿದ. ಒಂದು ಮಾತನ್ನು ಮೂರು ಸಲ ಹೇಳುವವನು ಯಾವ ಮಾತು ಮುಚ್ಚಿಡುತ್ತಿದ್ದಾನೆ ಎಂದು ನಾನು ಯೋಚಿಸುತ್ತ ಕೂತೆ.

ಮಷೀನ್ ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಹಾಳೆಯ ಸುರುಳಿ ಮೊದಲೇ ಎರಡು ಪದರಾಗಿ ಮಡಿಚಿ ಬಂದಿರುತ್ತದೆ. ಪದರಿನ ನಡುವೆ ಬೇಳೆ ಪಾಕೀಟು ಇಟ್ಟು ಮೇಲಿನ ಕಬ್ಬಿಣದ ಚೌಕಟ್ಟು ಒತ್ತಿದರೆ, ಅದರ ಕಾದ ಅಂಚು ಎರಡು ಕಡೆ ಹಾಳೆಯನ್ನು ಕತ್ತರಿಸಿ ಅಲ್ಲೇ ಅಂಟಿಸುತ್ತದೆ. ಮಡಿಕೆ, ಹಿಂದಿನ ಅಂಟು ಸೇರಿ ಪಾಕೀಟು ನಾಲ್ಕೂ ಕಡೆ ಮುಚ್ಚಿದ ಸಡಿಲ ಚೀಲದೊಳಗೆ ಕೂತುಬಿಡುತ್ತದೆ. ಆಮೇಲೆ ಪಟ್ಟಿಯ ಮೇಲೆ ಒಂದು ಬಿಸಿ ಸುರಂಗದೊಳಗೆ ಹೋಗುತ್ತದೆ. ಆ ಕಡೆಯಿಂದ ಹೊರಬಂದಾಗ ಸಡಿಲ ಚೀಲ ಚರ್ಮದ ಹಾಗೆ ಬಿಗಿದಿರುತ್ತದೆ.

"ಹೆಂಗದ ಬ್ರದರ್?" ಎಂದ ವಿಠ್ಠಲ್.

"ಬೇಳಿಗಿ ಛಲೋ ಅದ. ಕಲ್ಲಿಗಿ?"

"ಮಾಲು ಯಾವುದಾದ್ರೇನು? ಮಷೀನಿಗೆ ಕಣ್ಣು ಅವ ಏನು, ಇದು ಬೇಳಿ, ಇದು ಕಲ್ಲು ಅಂತ ನೋಡಾಕ?"

"ಮೂಲಿ ಚೂಪ ಇರ್ತಾವ. ಹಾಳಿ ತೆಳ್ಳಗದ, ಹರೀತದ."

"ದಪ್ಪ ಹಾಳಿ ಹಾಕಿಕೊಡ್ತೀವಿ."

"ದಪ್ಪ ಹಾಳಿ ಇದೇ ಅಂಚಿನಾಗ ಕತ್ತರಿಸ್ತದೇನು?"

ಅವನು ಮೊಬೈಲು ತೆಗೆದು ನೋಡಿದ. ಯಾರೂ ಫೋನ್ ಮಾಡಿರಲಿಲ್ಲ. ಅಷ್ಟರಲ್ಲಿ ನಾನು ಬಗ್ಗಿ ಪಟ್ಟಿಯ ಬದಿಗೆ ಬಡಿದಿದ್ದ ತಗಡನ್ನು ಓದಿದೆ. ಇಂಗ್ಲಿಷಿನ ಸಾಲುಗಳು ನನಗೆ ಹತ್ತಲಿಲ್ಲ. ಆದರೆ ಅಂಕಿ ಓದಲು ಏಳನೇತ್ತ ಸಾಕು: ಹದಿನೈದು ಕೆ.ಜಿ. ನಮ್ಮ ಐದು ಫರಸಿ ಇಟ್ಟರೆ ಇಪ್ಪತ್ತಾರು.

"ಅದು ಸುಮ್ನ ಬರ್ಯೋ ಪದ್ಧತಿ ಬ್ರದರ್. ಮೂವತ್ತು ಸಹಜ ಎಳೀತದ."

"ಹಂಗಾದ್ರ ಮೂವತ್ತು ಅಂತ ಯಾಕ ಬರ್ದಿಲ್ಲ?"

ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಬಂದ. ಚಹಾದ ಅಂಗಡಿಯಲ್ಲಿ ಭಜಿ ಕೊಡಿಸಿದ. "ನೋಡ್ರಿ, ಮಷೀನ್ ಬಂತಂದ್ರ ಇಬ್ಬರು ಆಪರೇಟರ್ ನಾನೇ ಕಳಸ್ತೀನಿ. ಅವರ ಮ್ಯಾಲೆ ಒಬ್ಬ ಸೂಪರ್‌ವೈಸರ್ ಬೇಕಾಗ್ತದ. ನಿಮ್ಮಂಥ ತಿಳಿದವರು ಎಷ್ಟು ದಿವಸ ಕಲ್ಲು ತಿಕ್ಕೋದು?" ಎಂದ. ಆಮೇಲೆ ಧ್ವನಿ ಇಳಿಸಿ, "ವಾಡಿಯೊಳಗೊಂದು ನೀರಿನ ಬಾಟ್ಲಿ ಘಟಕ ಅದ. ಅಲ್ಲಿ ಬ್ಯಾರೆ ಕಂಪನಿ ಮಷೀನ್ ಅದ. ಅದನ್ನ ನೋಡಾಕ ಹೋಗಬ್ಯಾಡ್ರಿ. ಒರಟು ಮಾಲು, ಸುಮ್ನ ಟೈಮ್ ಹಾಳು," ಎಂದ.

ಹೋಗಬೇಡ ಎಂದನಲ್ಲ, ಹೋದೆ. ಚಿತ್ತಾಪುರ ದಾಟಿ ವಾಡಿ ಜಂಕ್ಷನ್ನಿಗೆ ಬಂದಾಗ, ಇಲ್ಲಿಂದ ರೈಲಿಗೆ ಹೋಗ್ತೀನಿ ಎಂದು ವ್ಯಾನಿನಿಂದ ಇಳಿದುಕೊಂಡೆ. ವ್ಯಾನು ಕಣ್ಣಿಗೆ ಮರೆಯಾಗುವ ತನಕ ಸ್ಟೇಷನ್ ಮೆಟ್ಟಿಲ ಮೇಲೆ ನಿಂತಿದ್ದು, ಆಮೇಲೆ ನೀರಿನ ಘಟಕ ಹುಡುಕಿಕೊಂಡು ನಡೆದೆ.

ಅಲ್ಲಿ ಮಷೀನ್ ನಡೆಸುತ್ತಿದ್ದವನು ಮೌಲಾಲಿ. ಅವನು ನಮ್ಮ ಅಪ್ಪನ ಊರಾದ ದಂಡೋತಿಯವನು ಎಂದು ಮಾತಿಗೆ ಮಾತು ಬಂದು ಗೊತ್ತಾಯಿತು. ಕಾಗಿಣಾ ಹೊಳೆಯಲ್ಲಿ ನಮ್ಮ ಅಪ್ಪನ ಜೊತೆ ಈಜಿದ್ದನಂತೆ. ಮಷೀನ್ ನಿಲ್ಲಿಸಿ ಒಂದೊಂದೇ ತೋರಿಸಿದ.

ಇಲ್ಲಿ ಹಾಳೆ ದಪ್ಪ, ಸ್ವಲ್ಪ ಮಬ್ಬು. ಸುರುಳಿ ಎರಡು, ಒಂದು ಮೇಲೆ, ಒಂದು ಕೆಳಗೆ. ಎರಡನ್ನೂ ಅಂಟಿಸಿ ಮುಂದೆ ಪರದೆಯ ಹಾಗೆ ಇಳಿಬಿಟ್ಟಿರುತ್ತಾರೆ. ಹನ್ನೆರಡು ಬಾಟಲಿಗಳನ್ನು ಹಲಗೆಯಿಂದ ದೂಡಿದರೆ ಅವು ಪರದೆಯನ್ನು ಎಳೆದುಕೊಂಡೇ ಮುಂದೆ ಹೋಗುತ್ತವೆ. ಹಿಂದಿನಿಂದ ಕಾದ ಪಟ್ಟಿ ಇಳಿದು ಕತ್ತರಿಸಿ ಅಂಟಿಸುತ್ತದೆ. ಬದಿಗಳನ್ನು ಯಾರೂ ಮುಚ್ಚುವುದಿಲ್ಲ. ಸುರಂಗದಿಂದ ಹೊರಬಂದ ಕಟ್ಟಿನ ಎಡಕ್ಕೊಂದು ಬಲಕ್ಕೊಂದು ದುಂಡನೆಯ ತೂತು.

"ಇವು ಯಾಕ ತೆರೆದಾವ ಮೌಲಾಲಿ ಭಾಯಿ?"

"ಇವು ಕಣ್ಣು. ಗಾಳಿ ಹೋಗಾಕ ಬಿಟ್ಟೀವಿ. ಬಾಟ್ಲಿ ಮ್ಯಾಲೆ ಹನಿ ಇರ್ತಾವ. ಪೂರಾ ಮುಚ್ಚಿ ಬಿಸಿಗೆ ಹಾಕಿದಿ ಅಂದ್ರ ಹನಿ ಆವಿ ಆಗ್ತದ, ಹಾಳಿ ಉಬ್ಬಿ ಒಡೀತದ. ಒಡೀಲಿಲ್ಲಂದ್ರ ಒಳಗೇ ಬೆವರ್ತದ." ನನ್ನ ಕೈಯ ಬಿಳಿ ಕಲೆಗಳನ್ನು ನೋಡಿದ. "ನಿಂದು ಫರಸಿ ಅಲ್ಲಾ? ಅದು ನೀರ ಕುಡಿಯೋ ಮಾಲು. ಮುಚ್ಚೋ ಮಷೀನಿನಾಗ ಹಾಕಬೇಕಂದ್ರ ಪೂರಾ ಒಣಗಿಸಿ ಹಾಕ್ರಿ. ಒದ್ದಿ ಕಲ್ಲು ಹಾಕಿದ್ರ ಒಳಗಿನ ಉಪ್ಪೆಲ್ಲ ಮ್ಯಾಲೆ ಬಂದು ಪಾಲಿಶ್ ಬೆಳ್ಳಗ ಆಗ್ತದ."

ಇಷ್ಟು ದೊಡ್ಡ ಮಾತನ್ನು ಒಬ್ಬ ಮನುಷ್ಯ ಪುಕ್ಕಟೆ ಯಾಕೆ ಹೇಳುತ್ತಾನೆ? ನನ್ನ ತಲೆ ಹಾಗೆಯೇ ಓಡುತ್ತಿತ್ತು.

"ಖರೆ ಹೇಳು, ನಿನಗ ಯಾರು ಕಳಿಸ್ಯಾರ?"

ಮೌಲಾಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಂದಾವ ನೀನು. ನನಗ ಯಾರ ಕಳಸ್ತಾರೋ ಹುಚ್ಚಪ್ಪಾ?"

ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಬಂದೆ. ಒದ್ದೆ ಕಲ್ಲಿನ ಮಾತು ತಲೆಯಲ್ಲಿ ಕೂತಿತ್ತು. ಶಹಾಬಾದದಲ್ಲಿ ಇಳಿಯುವ ಹೊತ್ತಿಗೆ ಅದನ್ನು ಯಾರಿಗೂ ಹೇಳಬಾರದು ಎಂದು ನಿಶ್ಚಯ ಮಾಡಿದ್ದೆ.

*

ಸೋಮವಾರ ವಿಠ್ಠಲ್, ನಮ್ಮ ಕಲ್ಲಿನ ಮೇಲೆ ನಡೆಸಿ ತೋರಿಸುತ್ತೇನೆಂದು, ತನ್ನ ಮಷೀನನ್ನು ಸಣ್ಣ ಲಾರಿಯಲ್ಲಿ ಹಾಕಿಕೊಂಡು ಬಂದ. ಸುರಂಗ ಕಾಯಲು ಅರ್ಧ ತಾಸು ಬೇಕಿತ್ತು. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಮತ್ತೆ ಮೊದಲಿನಿಂದ ಕಾಯಿಸಿದರು. ರಾಯರು ಒಗೆದ ಧೋತರ ಉಟ್ಟು ಬಂದು ಸ್ಟೂಲಿನ ಮೇಲೆ ಕೂತರು.

ನಾನು ಶೆಡ್ಡಿನ ಹಿಂದಿನ ಬಾಗಿಲಲ್ಲಿ ನಿಂತಿದ್ದೆ. ಬೇವಿನ ಮರದ ಕೆಳಗೆ ಪಾಲಿಶ್ ಆದ ಹದಿನೈದು ಫರಸಿ ಸಾಲಾಗಿ ಇದ್ದವು. ಅಮೀರ್ಬೀ ಕೆಂಪು ಮಗ್ ತುಂಬಿಕೊಂಡು ಬಂದಳು. ಒಂದೊಂದು ಕಲ್ಲಿಗೆ ನೀರು ಸುರುವಿದಳು, ಸೆರಗಿನಿಂದ ಮೇಲೆ ಮೇಲೆ ಒರೆಸಿದಳು. ಕಲ್ಲು ಕಪ್ಪುನೀಲಿಯಾಗಿ ಎದ್ದು ಕಂಡವು.

"ಮಾಲಕರ ಮುಂದ ಧೂಳಕಲ್ಲು ಇಡಾಕ ಆಗ್ತದೇನು?" ಎಂದಳು, ಯಾರಿಗೂ ಅಲ್ಲ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ನನ್ನನ್ನು ನೋಡಿದಳು. "ಏನ್ ನೋಡ್ತಿ ಬೇಟಾ? ಛಲೋ ಕಾಣ್ತಾವಲ್ಲ?"

ಒಂದು ಮಾತು ಸಾಕಿತ್ತು: ಖಾಲಾ, ನೀರು ಬ್ಯಾಡ. ನಾಲಿಗೆಯ ತುದಿಗೆ ಬಂದಿತ್ತು. ಮಷೀನ್ ಕೆಟ್ಟು ಹೋಗಲಿ, ವಿಠ್ಠಲ್ ಅದನ್ನು ಎತ್ತಿಕೊಂಡು ಹೋಗಲಿ, ಹುಲ್ಲು ಉಳಿಯಲಿ, ಇವರು ಉಳಿಯಲಿ ಎಂದುಕೊಂಡೆ.

"ಭಾಳ ಛಲೋ ಕಾಣ್ತಾವ ಖಾಲಾ," ಎಂದೆ.

ಮೊದಲ ಐದು ಕಲ್ಲು ಇಟ್ಟಾಗಲೇ ಪಟ್ಟಿ ನರಳಿತು. ಕಟ್ಟು ತೆವಳಿಕೊಂಡು ಸುರಂಗದೊಳಗೆ ಹೋಯಿತು. ಆ ಕಡೆಯಿಂದ ಬಂದಾಗ ಹಾಳೆ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ನೋಡುತ್ತಿದ್ದಂತೆಯೇ ಟಪ್ ಎಂದು ಅಂಚಿನಲ್ಲಿ ಬಿಚ್ಚಿಕೊಂಡು ಆವಿ ಬಿಟ್ಟಿತು. ಎರಡನೆಯ ಕಟ್ಟಿನ ಮೂಲೆ ಹರಿಯಿತು. ಮೂರನೆಯದು ಹೇಗೋ ಬಿಗಿಯಾಗಿ ಹೊರಗೆ ಬಂತು, ಕನ್ನಡಿಯ ಹಾಗೆ ಹೊಳೆಯಿತು. ವಿಠ್ಠಲ್ ಚಪ್ಪಾಳೆ ಹೊಡೆದ. "ನೋಡ್ರಿ ರಾಯರ, ಸೆಟ್ಟಿಂಗ್ ಆಗೋ ತನಕ ಒಂದೆರಡು ಹಂಗ ಆಗ್ತಾವ." ರಾಯರು ಆ ಕಟ್ಟನ್ನು ತಮ್ಮ ಟೇಬಲ್ ಮೇಲೆ ಇಡಿಸಿಕೊಂಡರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಕಟ್ಟಿನ ಒಳಗೆಲ್ಲ ಹನಿ ನಿಂತಿದ್ದವು. ಕತ್ತರಿಸಿ ನೋಡಿದರೆ, ಬೆವರು ಒಣಗಿದ ಬನಿಯನ್ನಿನ ಮೇಲೆ ಉಪ್ಪು ಕೂತ ಹಾಗೆ ಪಾಲಿಶ್ ಮೇಲೆ ಬಿಳಿ. ರಾಯರು ಉಗುರಿನಿಂದ ಕೆರೆದರು. ಹೋಗಲಿಲ್ಲ.

ನನಗೆ ಒಳಗೊಳಗೇ ಖುಷಿ. ಇನ್ನೇನು ವಿಠ್ಠಲನಿಗೆ ಮಂಗಳಾರತಿ ಎಂದು ಕಾಯುತ್ತ ನಿಂತೆ. ಆದರೆ ಸಹಿ ಕೇಳಲು ಬಂದಿದ್ದ ವಿಠ್ಠಲ್ ಕಲ್ಲನ್ನು ಮೂಸಿದ, ಮುಟ್ಟಿದ. ಆಮೇಲೆ ಬೇವಿನ ಮರದ ಕಡೆ ನೋಡಿದ.

"ಕಲ್ಲು ಒದ್ದಿ ಇತ್ತು. ಯಾರೋ ನೀರ ಹಾಕ್ಯಾರ. ಬೇಕಂತಲೇ ಹಾಕ್ಯಾರ. ಮಷೀನ್ ಬಂದ್ರ ಕೆಲಸ ಹೋಗೋದು ಯಾರದು ಹೇಳ್ರಿ?"

ರಾಯರು ಸಿಟ್ಟು ಮಾಡಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಅವರು ಕೂಗಲಿಲ್ಲ. ಹೆಂಗಸರ ಮುಂದೆ ಹೋಗಿ ನಿಂತು ಮೆಲ್ಲಗೆ ಕೇಳಿದರು. "ನೀರ ಯಾರ ಹಾಕಿದ್ರಿ?"

"ನಾನ್ರಿ," ಎಂದಳು ಅಮೀರ್ಬೀ. "ಹತ್ತೊಂಬತ್ತು ವರ್ಷ ಆತು, ನಾನೇ ಹಾಕ್ತೀನಿ. ನಿಮಗ ಗೊತ್ತಿಲ್ಲೇನ್ರಿ?"

"ಮಷೀನ್ ಕೆಡ್ಲಿ ಅಂತ ಹಾಕಿದಿ?"

ಅವಳಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಅವ್ವನ ಮುಖ ನೋಡಿದಳು. "ಕಲ್ಲಿನ ಬಣ್ಣ ಕಾಣ್ಲಿ ಅಂತ ಹಾಕಿದೆ," ಎಂದಳು.

"ನಾಳಿಯಿಂದ ನೀವು ಐದೂ ಮಂದಿ ಬರೋದು ಬ್ಯಾಡ."

ನಾನು ಅಲ್ಲೇ ಇದ್ದೆ. ಹತ್ತು ಹೆಜ್ಜೆ ದೂರದಲ್ಲಿ. ಬಾಯಿ ತೆರೆಯಲಿಲ್ಲ. ನೋಡಿದ್ಯಾ, ಇದೇ ಬೇಕಿತ್ತು ಇವರಿಗೆ, ನೆಪ ಹುಡುಕುತ್ತಿದ್ದರು ಎಂದು ರಾಯರನ್ನು ಮನಸ್ಸಿನಲ್ಲೇ ಬೈದೆ. ಆ ನೆಪ ಕೊಟ್ಟವನು ನಾನೇ. ಅಮೀರ್ಬೀ ಕೆಂಪು ಮಗ್ ನಳದ ಹತ್ತಿರ ಬೋರಲು ಹಾಕಿ, ಊಟದ ಡಬ್ಬಿ ತೆಗೆದುಕೊಂಡು ನಡೆದಳು.

ಎರಡು ದಿನದ ಮೇಲೆ ಅವ್ವ ಹೇಳಿದಳು. "ಅಮೀರ್ಬೀ ಭಂಕೂರದ ಖಣಿಗೆ ಹೋಗ್ಲಾಕತ್ತಾಳಂತ. ಬುಟ್ಟಿಯೊಳಗ ಕಲ್ಲಚೂರು ಹೊರೋ ಕೆಲಸ. ಆ ವಯಸ್ಸಿನಾಗ." ನಾನು ಊಟ ಬಿಟ್ಟು ಎದ್ದೆ. "ನಿನಗ್ಯಾಕೋ ಸಿಟ್ಟು?" ಎಂದಳು ಅವ್ವ. ನಾನು ಕೈ ತೊಳೆದು ಹೊರಗೆ ನಡೆದೆ.

ಮರುದಿನ ಶೆಡ್ಡಿನ ಬಾಗಿಲಲ್ಲಿ ವಿಠ್ಠಲ್ ಸಿಕ್ಕ. ಶನಿವಾರ ರಾಯರ ಸಹಿ ತೆಗೆದುಕೊಳ್ಳುವವನಿದ್ದ. ಹದಿನೈದು ಕೆ.ಜಿ.ಯ ಮಾತು ಯಾರೂ ಎತ್ತಿರಲಿಲ್ಲ. ತಪ್ಪೆಲ್ಲ ನೀರಿನ ಮೇಲೆ ಹೋಗಿತ್ತು, ಮಷೀನ್ ಪಾರಾಗಿತ್ತು. ನನ್ನ ಬೆನ್ನು ತಟ್ಟಿದ.

"ಭಾರಿ ಇದ್ದೀರಿ ಬ್ರದರ್. ಹೆಂಗಸರಿಗೆ ನೀರ ಹಾಕಾಕ ಬಿಟ್ಟು ನೀವು ಬಾಗಿಲದಾಗ ಸುಮ್ನ ನಿಂತಿದ್ರಿ. ನೀವು ನಿಂತದ್ದು ನಾ ನೋಡಿದ್ದೆ, ನೀರಿನ ಮಾತು ಆಮ್ಯಾಲೆ ತಿಳೀತು. ಒಂದೇ ಏಟಿಗೆ ಐದೂ ಮಂದಿನ್ನ ತೆಗಿಸಿಬಿಟ್ರಿ. ಸೂಪರ್‌ವೈಸರ್ ಅಂದ್ರ ಹಿಂಗಿರಬೇಕು."

ಅವನ ಕಾಲರ್ ಹಿಡಿದೆ. ಅವನ ಮೊಬೈಲು ಕೆಳಗೆ ಬಿತ್ತು. ಹೊಡೆಯಬೇಕೆಂದು ಕೈ ಎತ್ತಿದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ಬಿಟ್ಟೆ. ನೆಟ್ಟಗೆ ಆಫೀಸ್ ಕೋಣೆಗೆ ನಡೆದೆ.

"ಕುಂದ್ರು," ಎಂದರು ರಾಯರು.

"ನಿಂತೇ ಹೇಳ್ತೀನ್ರಿ. ಒದ್ದಿ ಕಲ್ಲು ಹಾಕಬಾರದಂತ ನನಗ ಮೊದಲೇ ಗೊತ್ತಿತ್ತು. ವಾಡಿಯೊಳಗ ಮೌಲಾಲಿ ಅನ್ನಾವ ಹೇಳಿದ್ದ. ಖಾಲಾ ನೀರ ಹಾಕೋದು ನೋಡಿ ಸುಮ್ನಿದ್ದೆ. ಮಷೀನ್ ಹಾಳಾಗ್ಲಿ ಅಂತ ಸುಮ್ನಿದ್ದೆ. ತೆಗಿಯೋದಾದ್ರ ನನ್ನ ತೆಗೀರಿ."

ರಾಯರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆ ಬಿಳಿಯಾದ ಕಲ್ಲನ್ನು ನನ್ನ ಕಡೆ ದೂಡಿದರು.

"ಯಾಕ ಹಂಗ ಮಾಡಿದಿ?"

"ನಮ್ಮ ಅವ್ವನ್ನ ತೆಗ್ಯಾಕ ನನ್ನ ಕೈಲೆ ಮಷೀನ್ ಆರಿಸ್ಲಿಕತ್ತೀರಿ ಅನ್ಕೊಂಡೆ."

"ಹುಚ್ಚ ಇದ್ದಿ. ತೆಗೀಬೇಕಂದ್ರ ನಿನ್ನ ಕೇಳಿ ತೆಗೀತಿದ್ನೇನು? ಆ ವಿಠ್ಠಲನಿಗೆ ತನ್ನ ಮಷೀನ್ ಒಂದೇ ಕಾಣ್ತದ. ಕಲ್ಲೂ ಕಾಣಬೇಕು, ಕಟ್ಟೋ ಮಂದೀನೂ ಕಾಣಬೇಕು, ಅಂಥಾವ ಒಬ್ಬ ನೋಡ್ಲಿ ಅಂತ ನಿನ್ನ ಕಳಿಸಿದ್ದೆ."

ಆ ಮಾತನ್ನು ನಂಬಬೇಕೋ ಬೇಡವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಹೊಳೆದ ಮಾತಾಗಿಯೂ ಇರಬಹುದು.

"ಐದೂ ಮಂದಿನ್ನ ಇಟ್ಕೋತೀನಿ ಅಂತ ಮಾತು ಕೊಡಂಗಿಲ್ಲ ನಾ," ಎಂದರು. "ಮೊದಲ ಕಲ್ಲು ತೋರ್ಸು. ಬೆಳ್ಳಗ ಆಗದ ಕಲ್ಲು. ಶನಿವಾರದ ಸಹಿ ಮುಂದಕ್ಕ ಹಾಕ್ತೀನಿ. ಮತ್ತ ಇನ್ನೊಂದು. ಇನ್ನ ಮುಂದ ಏನರ ಗೊತ್ತಿದ್ದು ಮುಚ್ಚಿಟ್ಟಿ ಅಂದ್ರ, ಕುರ್ಚಿ ಅಲ್ಲ, ಗೇಟೂ ಇಲ್ಲ ನಿನಗ."

*

ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೆನ್ನೆಗೆ ಹೊಡೆದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನಡಿ, ಕಲ್ಲು ಎಲ್ಲಿ ಅವ?" ಎಂದಳು.

ಮೂರು ದಿನ ಫರಸಿಗಳನ್ನು ಗಾಳಿಯಾಡುವ ಹಾಗೆ ನಡುವೆ ಕಡ್ಡಿ ಕೊಟ್ಟು ನಿಲ್ಲಿಸಿ ಒಣಗಿಸಿದೆವು. ಕೈಗೆ ಒಣಗಿದೆ ಅನ್ನಿಸಿದರೂ ಅವ್ವ ಬಿಡುತ್ತಿರಲಿಲ್ಲ. ಬಗ್ಗಿ ಕೆನ್ನೆ ತಾಗಿಸುತ್ತಿದ್ದಳು. "ಇದು ಇನ್ನಾ ತಣ್ಣಗದ. ಇದರೊಳಗ ನೀರದ," ಎಂದು ಬದಿಗೆ ಇಡುತ್ತಿದ್ದಳು. ನಾನು ಪಾಲಿಶ್ ಮಾಡಿದ ಆರು ವರ್ಷದಲ್ಲಿ ಒಂದು ಕಲ್ಲಿಗೂ ಹಾಗೆ ಕೆನ್ನೆ ಕೊಟ್ಟಿರಲಿಲ್ಲ. ಮೂಲೆಗಳಿಗೆ ಏನು ಮಾಡುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಅವಳು ಹಳೆಯ ರಟ್ಟಿನ ಡಬ್ಬಿ ಹರಿದು ಮಡಿಚಿ ನಾಲ್ಕು ಮೂಲೆಗೂ ಟೋಪಿ ತೊಡಿಸಿದಳು. "ಹುಲ್ಲು ದುಪ್ಪಟ್ಟು ಇಡ್ತಿದ್ವಿ. ಈಗ ಇದು. ಅಷ್ಟ ಹೌದಲ್ಲ?"

ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾಕಿಕೊಂಡು ವಾಡಿಗೆ ಹೋದೆವು, ರಾಯರೂ ಬಂದರು. ಮೌಲಾಲಿ ತನ್ನ ಮಾಲಕರನ್ನು ಕೇಳಿ ಊಟದ ಹೊತ್ತಿನಲ್ಲಿ ಮಷೀನ್ ಬಿಟ್ಟುಕೊಟ್ಟ. ಸುರಂಗದ ಪಟ್ಟಿಯನ್ನು ನಿಧಾನ ಮಾಡಿದ. ಹೊರಗೆ ಬಂದ ಮೊದಲ ಕಟ್ಟನ್ನು ಫ್ಯಾನಿನ ಮುಂದೆ ಇಟ್ಟ.

"ಮುಟ್ಟಬ್ಯಾಡ್ರಿ. ಈ ಹಾಳಿ ಆರಿದ ಮ್ಯಾಲೇ ಗಟ್ಟಿ ಆಗೋದು. ಬಿಸಿ ಇದ್ದಾಗ ಎತ್ತಿದ್ರ ಹರೀತದ."

ಆರಿದ ಮೇಲೆ ಎತ್ತಿದೆವು. ಮೊಣಕಾಲೆತ್ತರದಿಂದ ಹಲಗೆಯ ಮೇಲೆ ಕೆಡವಿದೆ. ಹಾಳೆ ಹರಿಯಲಿಲ್ಲ, ಕಲ್ಲು ಸೀಳಲಿಲ್ಲ. ಅವ್ವ ಬದಿಯ ಕಣ್ಣಿನೊಳಗೆ ಬೆರಳು ತೂರಿಸಿ, ಒಳಗಿನ ಕಲ್ಲು ಮುಟ್ಟಿ, "ಒಣಾ ಅದ," ಎಂದಳು. ಐದು ದಿನ ರಾಯರ ಟೇಬಲ್ ಮೇಲೆ ಅದೇ ಕಟ್ಟು ಇತ್ತು. ನಾನು ದಿನಾ ಹೋಗಿ ಕಣ್ಣಿನೊಳಗೆ ಇಣುಕಿ ಬರುತ್ತಿದ್ದೆ. ಬಿಳಿ ಬರಲಿಲ್ಲ.

ಆರನೆಯ ದಿನ ರಾಯರು ಕೇಳಿದರು. "ಯಾವುದು ತಗೋಳೋಣ?"

"ಕಣ್ಣು ಬಿಡೋ ಮಷೀನ್ರಿ. ಪೂರಾ ತಾನೇ ನಡೆಯೋದಲ್ಲ, ಕೈಲೆ ದೂಡೋದು. ನಮಗ ದಿನಕ್ಕ ಇನ್ನೂರು ಕಟ್ಟು ಆದ್ರ ಸಾಕು. ಪಟ್ಟಿ ನಲವತ್ತು ಕೆ.ಜಿ. ಎಳೀಬೇಕು. ತಗಡಿನ ಮ್ಯಾಲೆ ಬರೆದಿರಬೇಕು, ಬಾಯಿಲೆ ಹೇಳಿದ್ರ ನಡ್ಯಂಗಿಲ್ಲ. ನಮ್ಮದೇ ಕಲ್ಲು, ನಮ್ಮದೇ ಹಾಳಿ ಹಾಕಿ ನಡಿಸಿ ತೋರಿಸಿದ ಮ್ಯಾಲೇ ಸಹಿ ಮಾಡ್ರಿ."

"ಮಂದಿ ಎಷ್ಟು ಬೇಕು?"

ಈ ಪ್ರಶ್ನೆಗಾಗಿ ನಾನು ಎರಡು ದಿನ ತಯಾರಿ ಮಾಡಿಕೊಂಡಿದ್ದೆ. ಆರು ಎನ್ನಬೇಕು, ಅವರು ಐದಕ್ಕೆ ಇಳಿಸಲಿ ಎಂದುಕೊಂಡಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

"ಒಣಗಿಸಿ ನೋಡಾಕ ಇಬ್ಬರು. ರಟ್ಟು ಹಾಕಾಕ ಇಬ್ಬರು. ದೂಡಾಕ ಒಬ್ಬರು. ವಿಠ್ಠಲನ ಆಪರೇಟರ್ ಬ್ಯಾಡ. ದೂಡೋದು ಅಮೀರ್ಬೀ ಖಾಲಾಗ ಕೊಡ್ರಿ."

"ಹೆಣ್ಣಮಗಳಿಗೆ? ಮಷೀನು?"

"ಹತ್ತೊಂಬತ್ತು ವರ್ಷ ಕಲ್ಲು ಎತ್ತಿ ನಿಲ್ಲಿಸ್ಯಾಳ್ರಿ. ಹಲಗಿ ದೂಡೋದು ಎಷ್ಟರದು?"

ರಾಯರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಕರ್ಕೊಂಡು ಬಾ, ನೋಡೋಣ," ಎಂದರು.

ಭಂಕೂರದ ಖಣಿಯ ಏರಿಯಲ್ಲಿ ಅಮೀರ್ಬೀ ಬುಟ್ಟಿ ಇಳಿಸಿ ನಿಂತಳು. ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು. ಎಲ್ಲ ಹೇಳಿದೆ. ಮಷೀನಿನ ಮಾತು, ಕಣ್ಣಿನ ಮಾತು, ರಾಯರು ಕರೆದ ಮಾತು. ನನ್ನ ತಪ್ಪನ್ನು ಕಡೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಅವಳು ಅದರ ತನಕ ಬಿಡಲಿಲ್ಲ.

"ನೀ ಬಾಗಿಲದಾಗ ನಿಂತಿದ್ದಿ," ಎಂದಳು.

"ಹೌದು ಖಾಲಾ."

"ಛಲೋ ಕಾಣ್ತಾವ ಅಂದಿ."

"ಅಂದೆ."

"ನಿನಗ ಗೊತ್ತಿತ್ತು."

"ಗೊತ್ತಿತ್ತು."

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆ ನೋಟ ನನ್ನದೇ. ಅದರಿಂದಲೇ ನಾನು ರಾಯರನ್ನು, ವಿಠ್ಠಲನನ್ನು, ಮೌಲಾಲಿಯನ್ನು ನೋಡಿದ್ದೆ.

"ಈಗ ಯಾರು ಕಳಿಸ್ಯಾರ ನಿನಗ?"

"ಯಾರೂ ಇಲ್ಲ ಖಾಲಾ. ರಾಯರು ಕರ್ಕೊಂಡು ಬಾ ಅಂದ್ರು. ಖಣಿ ಹುಡುಕಿಕೊಂಡು ನಾನೇ ಬಂದೀನಿ."

"ನಿನ್ನ ಮಾತಿಗೆ ಬರಂಗಿಲ್ಲ ನಾ," ಎಂದು ಬುಟ್ಟಿ ಎತ್ತಿಕೊಂಡಳು. "ಮಷೀನ್ ಬರ್ಲಿ. ಕಣ್ಣಿಲೆ ನೋಡ್ತೀನಿ. ಆಮ್ಯಾಲೆ ಖರೆ."

ಮಷೀನ್ ಬರಲು ಒಂದೂವರೆ ತಿಂಗಳಾಯಿತು. ಇಳಿಸಿದ ದಿನ ನಾನು ಮೊದಲು ತಗಡು ಓದಿದೆ, ಆಮೇಲೆ ಗೇಟು ನೋಡಿದೆ. ಹನ್ನೊಂದರ ಹೊತ್ತಿಗೆ ಅಮೀರ್ಬೀ ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ರಾಯರ ಕೋಣೆಗೆ ಹೋಗಿ, ದೂಡುವ ಕೆಲಸ ತನ್ನದೇ ಎಂದು ಅವರ ಬಾಯಿಂದಲೇ ಕೇಳಿಕೊಂಡಳು. ಮಷೀನಿನ ಸುತ್ತ ಒಂದು ಸುತ್ತು ಹಾಕಿ, ಹಲಗೆಯನ್ನು ಒಂದು ಸಲ ದೂಡಿ ನೋಡಿದಳು. ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಫರಸಿಯ ಮುಂದೆ ಬಗ್ಗಿ, ಅವ್ವ ಮಾಡುತ್ತಿದ್ದ ಹಾಗೆಯೇ ಕೆನ್ನೆ ಇಟ್ಟಳು.

ಆಮೇಲೆ ನಳದ ಹತ್ತಿರ ಹೋದಳು. ಕೆಂಪು ಮಗ್ ಅವಳು ಹಾಕಿದ ಜಾಗದಲ್ಲೇ ಬೋರಲು ಬಿದ್ದಿತ್ತು, ಮೇಲೆ ಒಂದು ಬೆರಳು ಧೂಳು. ಅದನ್ನು ತೆಗೆದು ತಂದು ನನ್ನ ಕೈಯಲ್ಲಿ ಇಟ್ಟಳು.

"ಇದನ್ನ ನೀ ಇಟ್ಕೊ," ಎಂದಳು. "ಯಾರರೆ ಕಲ್ಲಿಗೆ ಹಾಕಾಕ ಕೇಳಿದ್ರ, ನೀರ ಯಾಕ ಬ್ಯಾಡಂತ ಬಾಯಿ ತೆಗದು ಹೇಳು."